ಗೋಡೆಗೂ ಬೇಕು ನಡುಪಟ್ಟಿ

ಕೊಪ್ಪದ ಕಡೆ ಭೂಕಂಪದ ಮಾತೆತ್ತಿದರೆ ನಗುತ್ತಾರೆ. ಗುಡ್ಡ ಜರಿಯುವ ಭಯವೇ ನಮಗೆ ಸಾಕಷ್ಟಿದೆ. ಆದರೆ ನಮ್ಮ ಗಡಿಯಾಚೆಯ ಕಿಲ್ಲಾರಿಯೂ ಆಗಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ಭೂಮಿ ನಡುಗಿ ಸುಮಾರು 10 ಸಾವಿರ ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಅವರದೇ ಮನೆಯ ಕಲ್ಲು–ಮಣ್ಣಿನ ದಪ್ಪ ಗೋಡೆಗಳು.

ಅಜ್ಜ ಕಟ್ಟಿಸಿದ ನಮ್ಮ ಮನೆಯೂ ಜಂಬಿಟ್ಟಿಗೆ, ಮಣ್ಣಿನದು. ಮೇಲೆ ಹೆಂಚಿನ ಭಾರ. ಸಿವಿಲ್ ಡಿಪ್ಲೊಮಾ ಮುಗಿಸಿದ ಮೇಲೆ ಆ ಮೂಲೆಗಳತ್ತಲೇ ಕಣ್ಣು ಹೋಗುತ್ತದೆ. ಲಿಂಟಲ್ ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತುವ ಕಾಂಕ್ರೀಟ್ ಪಟ್ಟಿಯಿದ್ದರೆ ಮೂಲೆಗಳು ಸುಲಭಕ್ಕೆ ಬಾಯಿಬಿಡುವುದಿಲ್ಲ. ಹೊಸ ಮನೆಗಳಲ್ಲೂ ಅದನ್ನು ಕಿಟಕಿ, ಬಾಗಿಲ ಮೇಲಷ್ಟೇ ಹಾಕುತ್ತಾರೆ. ಕೇಳಿದರೆ, ‘ಸುತ್ತ ಹಾಕೋಕೆ ಕಬ್ಬಿಣದ ದುಡ್ಡು ಯಾರು ಕೊಡ್ತಾರೆ ಮಾರಾಯ?’ ಎನ್ನುತ್ತಾರೆ ಮೇಸ್ತ್ರಿ.

ನ್ಯಾಯವಾದ ಪ್ರಶ್ನೆ. 15ನೇ ಹಣಕಾಸು ಆಯೋಗವು 2021–26ಕ್ಕೆ ರಾಜ್ಯಗಳ ವಿಪತ್ತು ನಿಧಿಯ ಶೇ 20ರಷ್ಟನ್ನು ಅನಾಹುತ ತಗ್ಗಿಸುವ ಕೆಲಸಕ್ಕೆಂದೇ ಮೀಸಲಿಟ್ಟಿತು. ಎಲ್ಲ ರಾಜ್ಯಗಳದ್ದೂ ಸೇರಿ ಸುಮಾರು 32 ಸಾವಿರ ಕೋಟಿ ರೂಪಾಯಿ! ಇಂಥ ಹಣದಲ್ಲಿ ಮೇಸ್ತ್ರಿಗಳಿಗೆ ತರಬೇತಿ ಕೊಡಲಿ, ಬಡವರ ಮನೆಗೆ ಆ ಪಟ್ಟಿಯ ಖರ್ಚು ಭರಿಸಲಿ. ಕೆಲಸ ಹುಡುಕುತ್ತಿರುವ ನಮ್ಮಂಥವರನ್ನು ಹಳೆಯ ಶಾಲೆ, ಅಂಗನವಾಡಿಗಳ ಗೋಡೆ ನೋಡಲು ಕಳಿಸಲಿ. ಪಂಚಾಯಿತಿಗೆ ಅರ್ಜಿ ಬರೆದಿದ್ದೇನೆ. ಪಟ್ಟಿಯಲ್ಲಿ ಮೊದಲ ಹೆಸರು ನಾನು ಅಕ್ಷರ ಕಲಿತ ಶಾಲೆಯದು.