ಲೂಪಸ್ ರೋಗ: ಚರ್ಮದ ಮೇಲಣ ಚಿಹ್ನೆ, ದೇಹದೊಳಗಣ ಹಾನಿ

ಕಪಿಲಾ ತೀರದ ಸುತ್ತೂರಿನ ಸೀಮೆಯಲ್ಲಿ ಬತ್ತದ ನಾಟಿ, ಕಳೆ ತೆಗೆಯುವುದು ಮೊದಲಾದ ಕೆಲಸಗಳು ಬಹುಮಟ್ಟಿಗೆ ಹೆಂಗಸರ ಪಾಲಿನವು. ದಿನವೆಲ್ಲ ಬಿಸಿಲಿನಲ್ಲಿ ದುಡಿಯುವವಳ ಕೆನ್ನೆ ಕಂದಿದರೆ, ಕೈಗಂಟುಗಳು ನೊಂದರೆ, ಅದು ದುಡಿಮೆಯ ಫಲವೆಂದು ಮನೆಯವರು ಭಾವಿಸುವುದು ಸಹಜ. ಬಹುತೇಕ ಅದು ನಿಜವೂ ಹೌದು. ಆದರೆ ಇವೆರಡೂ ಕೂಡಿ ವಾರಗಟ್ಟಲೆ ಉಳಿದಲ್ಲಿ ಲೂಪಸ್ ರೋಗವನ್ನು ಶಂಕಿಸಬೇಕಾಗುತ್ತದೆ. ಅದರ ಸ್ವರೂಪವನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುತ್ತೇವೆ.

ಲ್ಯಾಟಿನ್ ಭಾಷೆಯಲ್ಲಿ ‘ಲೂಪಸ್’ ಎಂದರೆ ತೋಳ. ಮುಖದ ಚರ್ಮವನ್ನು ಕಚ್ಚಿ ತಿಂದಂತೆ ತೋರುವ ಹುಣ್ಣುಗಳಿಗೆ ಮಧ್ಯಯುಗದ ಯೂರೋಪಿನಲ್ಲಿ ಈ ಹೆಸರು ಬಂದಿತು. ಇದು ಚರ್ಮಕ್ಕಷ್ಟೇ ಸೀಮಿತವಲ್ಲವೆಂದು ವಿಯೆನ್ನಾದ ಕಪೋಸಿ 1872ರಲ್ಲಿ ವಿವರಿಸಿದನು.

ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯು ಸ್ವಂತ ಜೀವಕೋಶಗಳ ಕೇಂದ್ರದ್ರವ್ಯವನ್ನೇ ಪರಕೀಯವೆಂದು ಬಗೆದು, ಅದರ ವಿರುದ್ಧ ಪ್ರತಿಕಾಯಗಳನ್ನು ಉತ್ಪಾದಿಸುವುದು ಈ ರೋಗದ ಮುಖ್ಯ ಲಕ್ಷಣ. ಸೂರ್ಯನ ಅತಿನೇರಳೆ ಕಿರಣಗಳಿಂದ ಚರ್ಮದ ಕೋಶಗಳು ನಾಶವಾದಾಗ ಆ ದ್ರವ್ಯ ಹೊರಬೀಳುತ್ತದೆ. ಆದುದರಿಂದಲೇ ಬಿಸಿಲು ರೋಗವನ್ನು ಕೆರಳಿಸುತ್ತದೆ. ರೋಗಿಗಳಲ್ಲಿ 10ಕ್ಕೆ ಸುಮಾರು 9 ಮಂದಿ ಸ್ತ್ರೀಯರು. ಬಹುಮಂದಿ 15ರಿಂದ 45ರ ವಯಸ್ಸಿನವರು.

ಚರ್ಮದ ಚಿಹ್ನೆಗಳಲ್ಲಿ ಎರಡು ಪ್ರಮುಖವಾದುವು. ಮೊದಲನೆಯದು, ಎರಡು ಕೆನ್ನೆಗಳನ್ನೂ ಮೂಗಿನ ದಂಡೆಯನ್ನೂ ಚಿಟ್ಟೆಯ ರೆಕ್ಕೆಯಂತೆ ಆವರಿಸುವ ಕಲೆ. ಮೂಗಿನ ಪಕ್ಕದಿಂದ ಬಾಯಂಚಿಗಿಳಿಯುವ ಮಡಿಕೆಯನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ನಮ್ಮವರ ಕಪ್ಪು ಮೈಬಣ್ಣದಲ್ಲಿ ಅದು ಕೆಂಪಾಗಿರದೆ ನೇರಳೆಯಾಗಿಯೋ ಕಂದಾಗಿಯೋ ಕಾಣುವುದರಿಂದ ಗುರುತು ತಪ್ಪುವುದುಂಟು. ಎರಡನೆಯದು, ಹೊಪ್ಪಳೆಯೇಳುವ ದುಂಡನೆಯ ಮಚ್ಚೆ. ಅದು ತಲೆಯಲ್ಲಿ ಮೂಡಿ ಗಾಯದ ಕಲೆ ಉಳಿದರೆ ಅಲ್ಲಿ ಕೂದಲು ಮತ್ತೆ ಬೆಳೆಯದು. ಇವನ್ನು ಕಂಡು ಕುಷ್ಠವೆಂದು ಅಂಜಿ ರೋಗಿಯನ್ನು ದೂರವಿಡುವುದು ಅನ್ಯಾಯ; ಲೂಪಸ್ ಅಂಟುಜಾಡ್ಯವಲ್ಲ.

ಒಳಗಿನ ಹಾನಿ ಇನ್ನೂ ಗಂಭೀರವಾದುದು. ಕೀಲುಗಳು ಬಾಯುತ್ತವೆ, ರಕ್ತಕಣಗಳು ಕುಂದುತ್ತವೆ, ಹೃದಯ ಹಾಗೂ ಶ್ವಾಸಕೋಶಗಳ ಹೊದಿಕೆಗಳಲ್ಲಿ ಉರಿಯೂತವುಂಟಾಗುತ್ತದೆ. ಪ್ರತಿಕಾಯಗಳ ಸಂಯುಕ್ತಗಳು ಮೂತ್ರಪಿಂಡದ ಸೂಕ್ಷ್ಮ ಸೋಸುಗಳಲ್ಲಿ ತಂಗಿ ಅವನ್ನು ಕೆಡಿಸುತ್ತವೆ. ಈ ಕೇಡಿಗೆ ಮೊದಮೊದಲು ನೋವಿಲ್ಲ. ಮೂತ್ರದಲ್ಲಿ ಆಲ್ಬುಮಿನ್ ಸೋರುವುದು ಅದರ ಮುಖ್ಯ ಸುಳಿವು. ಚಿಕ್ಕ ಪ್ರಯೋಗಾಲಯದಲ್ಲಿಯೂ ಆಗಬಹುದಾದ ಮೂತ್ರಪರೀಕ್ಷೆಯ ಬೆಲೆ ಇಲ್ಲಿ ವ್ಯಕ್ತವಾಗುತ್ತದೆ.

ರೋಗವನ್ನು ನಿರ್ಮೂಲಗೊಳಿಸುವ ಮದ್ದು ಇನ್ನೂ ದೊರೆತಿಲ್ಲವಾದರೂ ಅದನ್ನು ಹತೋಟಿಯಲ್ಲಿಡುವುದು ಸಾಧ್ಯ. ಹೈಡ್ರಾಕ್ಸಿಕ್ಲೋರೋಕ್ವಿನ್ ಚಿಕಿತ್ಸೆಯ ತಳಹದಿ. ಅದನ್ನು ಸೇವಿಸುವವರಿಗೆ ಕಾಲಕಾಲಕ್ಕೆ ಕಣ್ಣಿನ ಪರೀಕ್ಷೆ ಅಗತ್ಯ. ಒಳ ಅಂಗಗಳು ಕೆಟ್ಟಲ್ಲಿ ಸ್ಟೀರಾಯ್ಡ್ ಮೊದಲಾದ ಪ್ರಬಲ ಔಷಧಗಳು ಬೇಕಾಗುತ್ತವೆ.

ಸುತ್ತೂರು ಮಠದ ಆಶ್ರಯದಲ್ಲಿ 1954ರಲ್ಲಿ ಸ್ಥಾಪಿತವಾದ ವಿದ್ಯಾಪೀಠವು 1984ರಲ್ಲಿ ಮೈಸೂರಿನಲ್ಲಿ ವೈದ್ಯಕೀಯ ಕಾಲೇಜನ್ನು ತೆರೆಯಿತು. ತಜ್ಞ ವೈದ್ಯರು ಇಂದು ಈ ಸೀಮೆಗೆ ದೂರದವರಲ್ಲ. ಕೆನ್ನೆಯ ಕಲೆಯನ್ನು ಬಿಸಿಲಿನದೆಂದು ತಳ್ಳಿಹಾಕುತ್ತ ಕಳೆಯುವ ತಿಂಗಳುಗಳೇ ಮೂತ್ರಪಿಂಡಕ್ಕೆ ಮುಳುವಾಗುತ್ತವೆಂದು ನಾವು ಭಾವಿಸುತ್ತೇವೆ.