ಕಟ್ಟಿದ ಬೆಳಕೇ ತಿಳಿಗೊಳಿಸೀತು

ಬೆಳಕು ಬಿದ್ದೊಡನೆ ಗಟ್ಟಿಯಾಗುವ ದ್ರವದಿಂದ ವಸ್ತುಗಳನ್ನು ಪದರಪದರವಾಗಿ ಕಟ್ಟಬಹುದೆಂಬುದನ್ನು ಅಮೆರಿಕದ ಚಾರ್ಲ್ಸ್ ಹಲ್ 1983ರಲ್ಲಿ ತೋರಿಸಿಕೊಟ್ಟರು. ಇಂದಿನ ರೆಸಿನ್ ಮುದ್ರಣಯಂತ್ರಗಳಲ್ಲಿ ಈ ಕಾರ್ಯವನ್ನು ಸಾಮಾನ್ಯವಾಗಿ 405 ನ್ಯಾನೊಮೀಟರ್ ತರಂಗಾಂತರದ ನೇರಳೆ ಬೆಳಕು ನೆರವೇರಿಸುತ್ತದೆ.

ಮುದ್ರಿತ ವಸ್ತುವಿಗೆ ಅಂಟಿದ ಹಸಿ ರೆಸಿನ್ನನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆಯುವರು. ಹೀಗೆ ಕದಡಿದ ಆಲ್ಕೊಹಾಲನ್ನು ಚರಂಡಿಗೆ ಚೆಲ್ಲಲಾಗದು. ಹಸಿ ರೆಸಿನ್ ಜಲಚರಗಳಿಗೆ ವಿಷ. ಇಲ್ಲಿಯೂ ಬೆಳಕೇ ನೆರವಾಗುತ್ತದೆ. ಪಾರದರ್ಶಕ ಪಾತ್ರೆಯಲ್ಲಿ ಮುಚ್ಚಿ ಬಿಸಿಲಿಗಿಟ್ಟರೆ ರೆಸಿನ್ನಿನ ಬಹುಭಾಗ ಗಟ್ಟಿಯಾಗಿ ತಳಕ್ಕಿಳಿಯುತ್ತದೆ. ತಿಳಿಯನ್ನು ಸೋಸಿ ಮೊದಲ ತೊಳೆತಕ್ಕೆ ಮತ್ತೆ ಬಳಸಬಹುದು. ಕೊನೆಯ ತೊಳೆತಕ್ಕೆ ಮಾತ್ರ ಹೊಸ ಆಲ್ಕೊಹಾಲೇ ಉತ್ತಮ.

ಆದರೆ ವಿದ್ಯಾರ್ಥಿಗಳು ಒಂದನ್ನು ಮರೆಯಬಾರದು. ಈ ದ್ರವದ ಆವಿ ಸುಮಾರು 12 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲದು. ಆದುದರಿಂದ ಪಾತ್ರೆಯನ್ನು ತುಂಬ ತುಂಬಿಸದೆ, ಬೆಂಕಿಯಿಂದ ದೂರ, ಗಾಳಿಯಾಡುವ ಬಯಲಿನಲ್ಲಿಡಬೇಕು. ಕೈಗಳಿಗೆ ನೈಟ್ರೈಲ್ ಗವಸು ಇರಲೇಬೇಕು.