ಗಾಳಿಯಂತ್ರದವರು ಹೊಲಕ್ಕೆ ಬಂದಾಗ

ಗದಗ, ಚಿತ್ರದುರ್ಗಗಳ ಗುಡ್ಡಗಳಲ್ಲಿ ಗಾಳಿಯಂತ್ರಗಳು ತಿರುಗತೊಡಗಿ ಬಹಳ ವರ್ಷಗಳಾದವು. ಬೀದರ ಜಿಲ್ಲೆಯ ರೈತ ಬಾಂಧವರಲ್ಲಿಗೂ ಕಂಪನಿಯವರು ಬಂದರೆ, ಮೊದಲು ಬರುವವರು ಗಾಳಿ ಅಳೆಯುವವರು. ವೇಗ ಇಮ್ಮಡಿಯಾದರೆ ಗಾಳಿಯ ಶಕ್ತಿ 8 ಪಟ್ಟಾಗುತ್ತದೆ. ಆದ್ದರಿಂದಲೇ ಎತ್ತರದ ಕಂಬ ನೆಟ್ಟು ತಿಂಗಳುಗಟ್ಟಲೆ ಅಳೆಯುತ್ತಾರೆ. ಆಮೇಲೆ ಪಹಣಿ ನೋಡುವವರು, ಕೊನೆಗೆ ಕ್ರೇನಿನೊಡನೆ ಇಂಜಿನಿಯರರು.

ಬಾಡಿಗೆಯ ಮಾತಿನಲ್ಲಿ ಮಣ್ಣು ಮರೆತುಹೋಗುತ್ತದೆ. ಸಹಿಗೆ ಮುನ್ನ ಇಂಜಿನಿಯರರೊಡನೆ ಮಾತನಾಡಿ, ಕರಾರಿನಲ್ಲಿ ಬರೆಯಿಸಿಕೊಳ್ಳಿರಿ. ಬೀದರ ನಗರದ ಸುತ್ತಲಿನ ಜಂಬಿಟ್ಟಿಗೆ ನೆಲ ಭಾರ ತಾಳೀತು. ಭಾಲ್ಕಿ, ಔರಾದಗಳ ಎರೆಭೂಮಿ ಹಾಗಲ್ಲ. ಹಸಿಯಿದ್ದಾಗ ಭಾರಿ ವಾಹನ ಓಡಿದರೆ ಒಳಮಣ್ಣು ಗಟ್ಟಿಯಾಗಿ ಬೇರು ಇಳಿಯದು. ಸಾಗಾಟ ಬೇಸಿಗೆಯಲ್ಲೇ ನಡೆಯಲಿ. ತಳಪಾಯ ಅಗೆಯುವಾಗ ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿಸಿರಿ. ಸುಣ್ಣದ ಹರಳಿರುವ ಅಡಿಮಣ್ಣನ್ನು ಹೊಲಕ್ಕೆ ಹರಡಬಾರದು. ಹೊಸ ರಸ್ತೆಯ ಅಡಿಯಲ್ಲಿ ಪೈಪು ಹಾಕದಿದ್ದರೆ ಮಳೆನೀರು ನಿಂತು ತೊಗರಿ ಕೊಳೆಯುತ್ತದೆ.